ಅತ್ತೆಗೆ, ಮಗಳಿಗೆ, ನನಗೆ: ಮಾಲ್ಡೀವ್ಸ್ ಬಿಸಿಲಿಗೆ ಮೈಮುಚ್ಚುವ ಈಜುಡುಗೆ ಯಾವುದು ತೆಗೆದುಕೊಳ್ಳಲಿ?

ಗಿರಿನಗರದವಳು | ಭಾನುವಾರ, ಬೆಳಿಗ್ಗೆ 7.40

ಡಿಸೆಂಬರ್ ರಜೆಯಲ್ಲಿ ಆರು ದಿನ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ನಾನು, ಗಂಡ, ಎಂಟು ವರ್ಷದ ಮಗಳು ಮತ್ತು ಅರವತ್ತೆರಡರ ಅತ್ತೆ. ರೆಸಾರ್ಟ್ ಅಲ್ಲ, ಮಾಫುಶಿ ದ್ವೀಪದ ಒಂದು ಅತಿಥಿಗೃಹ. ಟಿಕೆಟ್, ಕೋಣೆ ಎಲ್ಲವೂ ಆಗಿದೆ. ನೀರಿಗಿಳಿಯುವ ಬಟ್ಟೆಯ ವಿಷಯದಲ್ಲಿ ಮಾತ್ರ ಮೂರು ವಾರದಿಂದ ತಲೆ ಕೆಡಿಸಿಕೊಂಡು ಕುಳಿತಿದ್ದೇನೆ.

ನನಗೆ ಎರಡೂ ಕೆನ್ನೆಗಳ ಮೇಲೆ ಬಂಗು ಇದೆ. ಎರಡು ವರ್ಷ ಔಷಧ ಹಚ್ಚಿ ಈಗಷ್ಟೇ ತಿಳಿಯಾಗಿದೆ. ಮಗಳನ್ನು ಹೋದ ಬೇಸಿಗೆಯಲ್ಲಿ ನಗರದ ಹೊರಗಿನ ಒಂದು ನೀರಾಟದ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ತೋಳಿಲ್ಲದ ಈಜುಡುಗೆ ಹಾಕಿದ್ದಳು. ಸಂಜೆ ಬಟ್ಟೆ ಬದಲಿಸುವಾಗ ನೋಡಿದರೆ ಭುಜದ ಪಟ್ಟಿಯಿದ್ದ ಜಾಗ ಬಿಟ್ಟು ಉಳಿದದ್ದೆಲ್ಲ ಕೆಂಡದ ಬಣ್ಣ. ರಾತ್ರಿಯಿಡೀ ಬೋರಲು ಮಲಗಿದ್ದಳು. ನಾಲ್ಕನೆಯ ದಿನ ಹುರಿಗಡಲೆಯ ಸಿಪ್ಪೆಯ ಹಾಗೆ ಚರ್ಮ ಏಳತೊಡಗಿತು.

ಅತ್ತೆಗೆ ಮೊಣಕೈಯಿಂದ ಕೆಳಗೆ ಮತ್ತು ಕಣಕಾಲಿನ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿವೆ. ಸದಾ ಪೂರ್ತಿ ತೋಳಿನ ರವಿಕೆ. ಸಮುದ್ರವೆಂದರೆ ಅವರಿಗೆ ಇಷ್ಟು ವರ್ಷ, ನೆರಿಗೆ ಎತ್ತಿ ಹಿಡಿದು ಪಾದ ನೆನೆಸಿಕೊಳ್ಳುವುದು. ಈ ಸಲ ಅವರೇ ಬಾಯಿಬಿಟ್ಟು, "ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನಗೂ ಒಂದು ಜೊತೆ ನೋಡು" ಎಂದರು. ನಮ್ಮ ಮನೆಗೆ ನಾನು ಬಂದ ಹನ್ನೊಂದು ವರ್ಷಗಳಲ್ಲಿ ಅವರು ತಮಗೆಂದು ಕೇಳಿದ ಮೊದಲ ವಸ್ತು ಇದು. ತಪ್ಪು ಬಟ್ಟೆ ತಂದು ಅವರ ಉತ್ಸಾಹ ಕೆಡಿಸಲು ನನಗೆ ಇಷ್ಟವಿಲ್ಲ.

ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಯುಪಿಎಫ್ 50+ ಎಂಬ ಚೀಟಿಯನ್ನು ನಂಬಬಹುದೇ? ಒಂದೇ ಉಡುಪೋ, ಮೇಲೊಂದು ಕೆಳಗೊಂದೋ? ಬಟ್ಟೆಯೇ ಮೈ ಮುಚ್ಚಿದರೆ ಸನ್‌ಸ್ಕ್ರೀನ್ ಬೇಡವೇ? ತಿಳಿದವರು ಹೇಳಿ.

ಬೆಳಗಿನ ಈಜು | ಭಾನುವಾರ, 8.05

ಮೇಲೊಂದು ಕೆಳಗೊಂದು. ಕಣ್ಣು ಮುಚ್ಚಿಕೊಂಡು ಅದನ್ನೇ ತೆಗೆದುಕೊಳ್ಳಿ. ಕುತ್ತಿಗೆಯಿಂದ ಕಣಕಾಲಿನವರೆಗಿನ ಒಂದೇ ಉಡುಪು ಹಾಕಿಕೊಂಡು ಶೌಚಾಲಯಕ್ಕೆ ಹೋಗಬೇಕಾದರೆ ಒದ್ದೆ ಬಟ್ಟೆಯನ್ನು ಪೂರ್ತಿ ಸುಲಿದು ಮತ್ತೆ ಮೈಗೇರಿಸಬೇಕು. ಅರವತ್ತು ದಾಟಿದವರಿಗೆ, ಅದೂ ಒದ್ದೆ ನೆಲದ ಮೇಲೆ, ಅದು ಅಪಾಯ. ಮೇಲಂಗಿಯ ಒಳಭಾಗದಲ್ಲಿ ಒಂದು ಕುಣಿಕೆಯೋ ಗುಂಡಿಯೋ ಇರುವಂಥದ್ದನ್ನು ಹುಡುಕಿ. ಅದನ್ನು ಕೆಳಉಡುಪಿನ ದಾರಕ್ಕೆ ಸಿಕ್ಕಿಸಿದರೆ ಅಲೆ ಬಂದಾಗ ಅಂಗಿ ಮೇಲಕ್ಕೆ ಏರುವುದಿಲ್ಲ.

ಲೆಕ್ಕ ಕೇಳುವವ | ಭಾನುವಾರ, 8.31

ಇದೆಲ್ಲ ಕಂಪನಿಗಳು ಹುಟ್ಟಿಸಿದ ಭಯ ಎಂದು ನನ್ನ ಖಚಿತ ಅಭಿಪ್ರಾಯ. ನಮ್ಮ ಅಜ್ಜಂದಿರು ದಿನವಿಡೀ ಗದ್ದೆಯಲ್ಲಿ ಬಿಸಿಲಿಗೆ ಮೈಯೊಡ್ಡಿದವರು. ನಮ್ಮ ಮೈಬಣ್ಣಕ್ಕೆ ಆ ಶಕ್ತಿ ಇದೆ. ಮನೆಯಲ್ಲಿರುವ ಹಳೆಯ ಟಿ-ಷರ್ಟ್, ಒಂದು ಟ್ರ್ಯಾಕ್ ಪ್ಯಾಂಟ್ ಸಾಕು. ಆರು ದಿನಕ್ಕೆ ಮೂರು ಜನರಿಗೆ ಹತ್ತು ಸಾವಿರ ಏಕೆ ಸುರಿಯಬೇಕು?

ಕಡಲೂರಿನವ | ಭಾನುವಾರ, 8.52

ಲೆಕ್ಕ ಕೇಳುವವರೇ, ಅಜ್ಜಂದಿರು ಗದ್ದೆಗೆ ಬರಿಮೈಯಲ್ಲಿ ಹೋಗುತ್ತಿರಲಿಲ್ಲ. ತಲೆಯ ಮೇಲೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ಇರುತ್ತಿತ್ತು. ನಾನು ಕುಂದಾಪುರದ ಕಡೆಯವನು, ಈಗ ಬೆಂಗಳೂರಿನ ವಿಜಯನಗರ. ನಮ್ಮೂರಿನ ಮೀನುಗಾರರನ್ನು ನೋಡಿ, ದೋಣಿಯ ಮೇಲೆ ತುಂಬುತೋಳಿನ ಅಂಗಿ, ತಲೆಗೆ ಬೈರಾಸು. ಬಿಸಿಲನ್ನು ಬಲ್ಲವರೇ ಮೈ ಮುಚ್ಚಿಕೊಳ್ಳುತ್ತಾರೆ.

ಇನ್ನು ಟ್ರ್ಯಾಕ್ ಪ್ಯಾಂಟ್. ದಯವಿಟ್ಟು ಬೇಡ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ವಾಹನ ನಿಲ್ಲಿಸಿದವರು ಹಾಗೆಯೇ ತೊಟ್ಟ ಬಟ್ಟೆಯಲ್ಲಿ ನೀರಿಗೆ ಇಳಿಯುತ್ತಾರೆ. ಹತ್ತಿ ನೀರು ಕುಡಿದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ಹೆಂಗಸಿನ ದುಪಟ್ಟ ಕುತ್ತಿಗೆಗೆ ಸುತ್ತಿಕೊಂಡು, ಹಿಂದಕ್ಕೆ ಸರಿಯುವ ಅಲೆಯ ಜೊತೆ ಎಳೆಯತೊಡಗಿತು. ಇಬ್ಬರು ಸೇರಿ ಬಿಡಿಸಿದೆವು. ಮೊಣಕಾಲುದ್ದದ ನೀರು ಅದು. ಚರ್ಮದ ಮಾತು ಪಕ್ಕಕ್ಕಿರಲಿ, ಬದುಕಿ ಬರುವುದಕ್ಕಾದರೂ ಮೈಗಂಟುವ, ನೀರು ಹಿಡಿಯದ ಬಟ್ಟೆ ಬೇಕು.

ಇಬ್ಬರು ಮಕ್ಕಳ ತಾಯಿ | ಭಾನುವಾರ, 9.10

ಬಿಳಿ ಟಿ-ಷರ್ಟ್ ಬಗ್ಗೆ ನಾನು ಹೇಳುತ್ತೇನೆ. ಬಾಲಿಯಲ್ಲಿ ಸ್ನಾರ್ಕೆಲಿಂಗ್ (ಮುಖಕ್ಕೆ ಗಾಜು, ಬಾಯಿಗೆ ಉಸಿರುಕೊಳವೆ ಹಾಕಿ ತೇಲುತ್ತಾ ನೀರೊಳಗೆ ನೋಡುವುದು) ಮಾಡುವಾಗ ನಮ್ಮವರು ತೆಳು ಬಿಳಿ ಹತ್ತಿಯ ಟಿ-ಷರ್ಟ್ ಹಾಕಿದ್ದರು. ಎರಡು ಗಂಟೆ ನೀರಿನಲ್ಲಿ ಬೋರಲು. ರಾತ್ರಿ ಬೆನ್ನು ನೋಡಿದರೆ ಹೆಗಲಿನ ಹೊಲಿಗೆಯಿದ್ದ ಕಡೆ ಒಂದು ತಿಳಿ ಗೆರೆ, ಉಳಿದ ಬೆನ್ನೆಲ್ಲ ಕೆಂಪು. ಎರಡು ಪದರ ಇದ್ದ ಗೆರೆ ಮಾತ್ರ ಉಳಿದಿತ್ತು! ಮರುದಿನ ವಿಮಾನದ ಆಸನಕ್ಕೆ ಬೆನ್ನು ತಾಗಿಸಲು ಆಗಲಿಲ್ಲ.

ಬಟ್ಟೆ ಎಂಜಿನಿಯರ್ | ಭಾನುವಾರ, 9.48

ಅದಕ್ಕೆ ಕಾರಣ ಇದೆ. ನಾನು ಜವಳಿ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ಯುಪಿಎಫ್ ಎಂದರೆ ಬಟ್ಟೆ ಎಷ್ಟು ಅತಿನೇರಳೆ ಕಿರಣವನ್ನು ಒಳಗೆ ಬಿಡುತ್ತದೆ ಎಂಬ ಅಳತೆ. 50 ಎಂದರೆ ಐವತ್ತರಲ್ಲಿ ಒಂದು ಪಾಲು, ಶೇ 2. ಸನ್‌ಸ್ಕ್ರೀನ್ ಮೇಲಿನ ಎಸ್‌ಪಿಎಫ್ ಮುಖ್ಯವಾಗಿ ಚರ್ಮ ಸುಡುವ ಯುವಿ-ಬಿ ಕಿರಣದ ಲೆಕ್ಕ, ಯುಪಿಎಫ್‌ನಲ್ಲಿ ಯುವಿ-ಎ, ಯುವಿ-ಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳು ಬರುತ್ತವೆ. ತೆಳು ಬಿಳಿ ಹತ್ತಿ ಟಿ-ಷರ್ಟ್ ಒಣಗಿದ್ದಾಗಲೇ ಸುಮಾರು 5ರಿಂದ 7. ನೆನೆದಾಗ ಇನ್ನೂ ಇಳಿಯುತ್ತದೆ. ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ತುಂಬಿಕೊಂಡರೆ ಬೆಳಕು ಚದುರದೆ ನೇರವಾಗಿ ದಾಟುತ್ತದೆ. ನೆನೆದ ಬಿಳಿ ಬಟ್ಟೆಯ ಆಚೆ ಮೈಬಣ್ಣ ಕಾಣುವುದೂ ಇದೇ ಕಾರಣಕ್ಕೆ.

ಪಾಲಿಯೆಸ್ಟರ್‌ಗೆ ಅದರ ಅಣುರಚನೆಯಿಂದಲೇ ಯುವಿ-ಬಿ ಹೀರುವ ಗುಣ ಇದೆ. ನೈಲಾನ್ ಮತ್ತು ಹಿಗ್ಗುವ ಎಳೆಯಾದ ಸ್ಪ್ಯಾಂಡೆಕ್ಸ್ ಮಿಶ್ರಣ ಮೈಗೆ ಮೃದು, ಒತ್ತಾಗಿ ಹೆಣೆದಿದ್ದರೆ ರಕ್ಷಣೆಯೂ ಚೆನ್ನಾಗಿಯೇ ಸಿಗುತ್ತದೆ. ಆದರೆ ಈಜುಕೊಳದ ಕ್ಲೋರಿನ್ ಸ್ಪ್ಯಾಂಡೆಕ್ಸ್ ಎಳೆಯನ್ನು ತಿನ್ನುತ್ತದೆ. ಒಂದು ವರ್ಷ ಕೊಳದಲ್ಲಿ ಬಳಸಿದ ಹಳೆಯದನ್ನೇ ಸಮುದ್ರಕ್ಕೂ ಒಯ್ಯುವ ಯೋಚನೆ ಇದ್ದರೆ ಮೊದಲು ಮೊಣಕೈ ಮತ್ತು ಹಿಂಬದಿಯನ್ನು ಎಳೆದು ನೋಡಿ. ಜಾಳಾಗಿ ಕಂಡರೆ ಅದರ ಕೆಲಸ ಮುಗಿಯಿತು. ಹಾಗೆಯೇ, ಒಂದು ಅಳತೆ ಚಿಕ್ಕದು ಕೊಂಡು ಮೈಮೇಲೆ ಹಿಗ್ಗಿಸಿದರೆ ಹೆಣಿಗೆ ತೆರೆದುಕೊಂಡು ಚೀಟಿಯಲ್ಲಿರುವ 50 ಮೈಮೇಲೆ ಸಿಗುವುದಿಲ್ಲ.

ಚೀಟಿಯನ್ನು ನಂಬಬಹುದೇ ಎಂದರೆ, ಯಾವ ಮಾನದಂಡದ ಪ್ರಕಾರ ಅಳೆದದ್ದು ಎಂದು ಬರೆದಿದೆಯೇ ನೋಡಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಎಎಸ್/ಎನ್‌ಜೆಡ್‌ಎಸ್ 4399 ಅಥವಾ ಯುರೋಪಿನ ಇಎನ್ 13758 ಎಂಬ ಸಂಖ್ಯೆ ಇದ್ದರೆ ಒಳ್ಳೆಯದು. ಬರಿಯ "ಸೂರ್ಯ ರಕ್ಷಣೆ" ಎಂದು ಚಿತ್ರ ಹಾಕಿದ್ದಕ್ಕೆ ಬೆಲೆ ಕೊಡಬೇಡಿ.

ಲೆಕ್ಕ ಕೇಳುವವ | ಭಾನುವಾರ, 10.15

ಹತ್ತಿಯ ವಿಷಯ ಒಪ್ಪಿದೆ. ಈಗ ನನ್ನ ಲೆಕ್ಕ ಕೇಳಿ. ಯುಪಿಎಫ್ 30 ಎಂದರೆ ಒಳಗೆ ಬರುವುದು ಶೇ 3.3, 50 ಎಂದರೆ ಶೇ 2. ಈ ಒಂದು ಚಿಲ್ಲರೆಗೆ ಅಂಗಡಿಯವರು ಎರಡು ಪಟ್ಟು ಬೆಲೆ ಹೇಳುತ್ತಾರೆ. ಅದಕ್ಕೇನು ಸಮಾಧಾನ?

ಬಟ್ಟೆ ಎಂಜಿನಿಯರ್ | ಭಾನುವಾರ, 10.22

ಇಲ್ಲಿ ನಿಮ್ಮ ಮಾತು ಸರಿ. 30ರ ತುಂಬುತೋಳು, 50ರ ಗಿಡ್ಡತೋಳಿಗಿಂತ ಎಷ್ಟೋ ಮೇಲು. ಬರಿಯ ಚರ್ಮದ ಯುಪಿಎಫ್ ಒಂದು. ಆದರೆ ಆ ಅತ್ತೆಯವರ ಮಚ್ಚೆಗಳಿಗೆ ನಾನಾಗಿದ್ದರೆ 50ನ್ನೇ ಕೊಳ್ಳುತ್ತಿದ್ದೆ.

ಚರ್ಮವೈದ್ಯೆ | ಭಾನುವಾರ, 11.30

ಹೊರರೋಗಿಗಳ ಸಮಯ ಇಲ್ಲದ ದಿನವಾದ್ದರಿಂದ ಬಿಡುವಾಗಿ ಬರೆಯುತ್ತಿದ್ದೇನೆ. ನಿಮ್ಮ ಅತ್ತೆಯವರ ವಿಷಯ ಮೊದಲು.

ತೊನ್ನಿನ ಮಚ್ಚೆಯಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ನಾಶವಾಗಿರುತ್ತವೆ. ಮೆಲನಿನ್ ಎಂಬ ಆ ಬಣ್ಣದ ಅಂಶ ಇಲ್ಲದ ಜಾಗ ಸುತ್ತಲಿನ ಚರ್ಮಕ್ಕಿಂತ ಬಹಳ ಬೇಗ ಸುಡುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ತೊನ್ನು ಇರುವವರಲ್ಲಿ ಚರ್ಮಕ್ಕೆ ಪೆಟ್ಟು, ಸುಟ್ಟಗಾಯ, ನಿರಂತರ ಉಜ್ಜಾಟ ಆದ ಜಾಗದಲ್ಲಿ ಹೊಸ ಮಚ್ಚೆ ಏಳಬಹುದು. ಕೋಬ್ನರ್ ಪರಿಣಾಮ ಎನ್ನುತ್ತೇವೆ. ಆದ್ದರಿಂದ ಬಿಸಿಲೂ ತಾಗಬಾರದು, ಬಟ್ಟೆಯೂ ಕಡಿಯಬಾರದು. ಮಣಿಕಟ್ಟು, ಕಣಕಾಲು, ಸೊಂಟದಲ್ಲಿ ಬಿಗಿಯಾದ ಎಲಾಸ್ಟಿಕ್ ಇರುವುದನ್ನು ಕೊಳ್ಳಬೇಡಿ. ಚಪ್ಪಟೆ ಹೊಲಿಗೆ ಇರಲಿ. ಹಾಕಿಕೊಂಡು ಹತ್ತು ನಿಮಿಷ ಕೂತು ತೆಗೆದಾಗ ಮೈಮೇಲೆ ಗೆರೆ ಮೂಡಿದರೆ ಆ ಅಳತೆ ಅವರದ್ದಲ್ಲ.

ನಿಮ್ಮ ಬಂಗಿಗೆ ಬಟ್ಟೆಯಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ, ಮುಖ ಹೊರಗೇ ಇರುತ್ತದಲ್ಲ. ಬಂಗು ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಪ್ಪಾಗುತ್ತದೆ. ಕಬ್ಬಿಣದ ಆಕ್ಸೈಡ್ ಇರುವ, ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹಚ್ಚಿ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಮುಖ ಒರೆಸಿದಾಗಲೆಲ್ಲ ಮತ್ತೆ ಹಚ್ಚಬೇಕು. ದಡದಲ್ಲಿ ಅಗಲ ಅಂಚಿನ ಟೋಪಿ ಕಡ್ಡಾಯ. ಮರಳು ಸುಮಾರು ಶೇ 15, ಕಡಲ ನೊರೆ ಶೇ 25ರಷ್ಟು ಅತಿನೇರಳೆ ಕಿರಣವನ್ನು ಹಿಂದಕ್ಕೆ ಹೊಡೆಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಛತ್ರಿಯ ಕೆಳಗೆ ಕೂತವರ ಗಲ್ಲದ ಅಡಿಭಾಗ ಸುಡುವುದು ಹೀಗೆ. ಅರ್ಧ ಮೀಟರ್ ನೀರಿನ ಕೆಳಗೂ ಮೇಲಿನ ಕಿರಣದ ಶೇ 40ರಷ್ಟು ತಲುಪುತ್ತದೆ. ನೀರಿನೊಳಗಿದ್ದೇವೆ, ತಂಪಾಗಿದೆ ಎಂಬ ನಂಬಿಕೆಯಲ್ಲಿಯೇ ಹೆಚ್ಚಿನವರು ಸುಟ್ಟುಕೊಂಡು ಬರುತ್ತಾರೆ.

ಹೊರಡುವ ಮುಂಚೆ ಎಲ್ಲರ ಮಾತ್ರೆಗಳ ಪಟ್ಟಿ ತೆಗೆದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ. ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇಂಥವು ಬಿಸಿಲಿಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತವೆ. ನೀವೇ ನಿಲ್ಲಿಸಬೇಡಿ, ಕೇಳಿ.

ಮೈಬಣ್ಣದ ವಾದಕ್ಕೆ ಉತ್ತರ: ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ, ಅದು ನಿಜ. ಆದರೆ ಸುಡುವುದು, ಬಂಗು, ಕಲೆ, ಕಣ್ಣಿನ ಪೊರೆ ಯಾವುದೂ ನಮ್ಮನ್ನು ಬಿಟ್ಟಿಲ್ಲ.

ಗಿರಿನಗರದವಳು | ಭಾನುವಾರ, 12.02

ಡಾಕ್ಟರೇ, ಉಜ್ಜಾಟದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಅತ್ತೆಗೆ ಓದಿ ಹೇಳಿದೆ. ಅವರು ರವಿಕೆಯ ತೋಳು ಮಡಿಸಿ ಮಣಿಕಟ್ಟಿನ ಮೇಲೆ ಬಳೆ ಉಜ್ಜುವ ಜಾಗ ತೋರಿಸಿದರು. ಅಲ್ಲಿ ಉಂಗುರದ ಹಾಗೆ ಬೆಳ್ಳಗಾಗಿದೆ. ಇಷ್ಟು ವರ್ಷ ನೋಡಿದ್ದೇನೆ, ಕಾರಣ ಹೊಳೆದಿರಲಿಲ್ಲ.

ಮಲ್ಲೇಶ್ವರ 18 | ಭಾನುವಾರ, 12.40

ಪೂರ್ತಿ ಮುಚ್ಚಿಕೊಂಡರೆ ವಿಟಮಿನ್ ಡಿ ಸಿಗುವುದು ಹೇಗೆ? ಬೆಂಗಳೂರಿನವರಿಗೆ ಮೊದಲೇ ಅದು ಕಡಿಮೆ.

ಚರ್ಮವೈದ್ಯೆ | ಭಾನುವಾರ, 12.51

ಆರು ದಿನ ಮೈ ಮುಚ್ಚಿದರೆ ಯಾರಿಗೂ ಡಿ ಕಡಿಮೆಯಾಗುವುದಿಲ್ಲ. ಕಚೇರಿಯೊಳಗೆ ವರ್ಷವಿಡೀ ಕೂತು ಕಳೆದುಕೊಂಡದ್ದನ್ನು ಆರು ದಿನ ಸುಟ್ಟುಕೊಂಡು ತುಂಬಿಸಿಕೊಳ್ಳಲೂ ಆಗದು.

ಕಡಲೂರಿನವ | ಭಾನುವಾರ, 1.15

ಬೆಂಗಳೂರಿನ ಮಾತು ಬಂದದ್ದಕ್ಕೆ: ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು ಶೇ 10 ಹೆಚ್ಚುತ್ತದೆ. ಗಾಳಿ ತಂಪಾಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಸೆಕೆ ಬೇರೆ, ಈ ಕಿರಣ ಬೇರೆ. ಲಾಲ್‌ಬಾಗಿನ ಬಂಡೆಯ ಮೇಲೆ ಮಾರ್ಚ್ ತಿಂಗಳ ನಡುಹಗಲು ಅರ್ಧ ಗಂಟೆ ನಿಂತು ನೋಡಿ.

ಇಬ್ಬರು ಮಕ್ಕಳ ತಾಯಿ | ಭಾನುವಾರ, 1.30

ಮಗಳ ಬಟ್ಟೆಗೆ ಯಾವ ಬಣ್ಣ ಆರಿಸಿದ್ದೀರಿ?

ಗಿರಿನಗರದವಳು | ಭಾನುವಾರ, 1.34

ತಿಳಿ ನೀಲಿ. ಮೇಲೆ ಡಾಲ್ಫಿನ್ ಚಿತ್ರ. ಅವಳೇ ಆರಿಸಿದ್ದು, ಇನ್ನೂ ಹಣ ಕಟ್ಟಿಲ್ಲ.

ಬೆಳಗಿನ ಈಜು | ಭಾನುವಾರ, 1.50

ಹಣ ಕಟ್ಟಬೇಡಿ! ನೀಲಿ, ಬೂದು, ಬಿಳಿ ಮೂರೂ ನೀರಿನಲ್ಲಿ ಕರಗಿ ಹೋಗುತ್ತವೆ. ಮಗು ಒಂದು ಅಡಿ ಮುಳುಗಿದರೂ ದಡದಿಂದ ನೋಡುವವರಿಗೆ ಕಾಣಿಸುವುದಿಲ್ಲ. ನಾನು ಸದಾಶಿವನಗರದ ಕೊಳದಲ್ಲಿ ಬೆಳಿಗ್ಗೆ ಆರಕ್ಕೆ ಈಜುವವಳು. ನೀಲಿ ಹೆಂಚಿನ ತಳದ ಮೇಲೆ ನೀಲಿ ಉಡುಪಿನ ಹುಡುಗ ಕೂತಿದ್ದನ್ನು ಎರಡು ಗೆರೆ ಆಚೆಯಿಂದ ನಾನು ಗುರುತಿಸಲಿಲ್ಲ. ಅವನು ಉಸಿರು ಹಿಡಿಯುವ ಆಟ ಆಡುತ್ತಿದ್ದ, ಏನೂ ಆಗಲಿಲ್ಲ, ಆದರೆ ನನ್ನ ಕೈಕಾಲು ತಣ್ಣಗಾಗಿತ್ತು. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ ತೆಗೆದುಕೊಳ್ಳಿ. ಡಾಲ್ಫಿನ್ ಬೇಕಾದರೆ ಟೋಪಿಯ ಮೇಲೆ ಇರಲಿ.

ಚಿಕ್ಕಪೇಟೆ ಓಡಾಟ | ಭಾನುವಾರ, 3.05

ಹೊಲಿಸಿಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲವೇ? ಚಿಕ್ಕಪೇಟೆಯಲ್ಲಿ ನಾಲ್ಕೂ ದಿಕ್ಕಿಗೆ ಹಿಗ್ಗುವ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾನು ಎರಡು ಮೀಟರ್ ತಂದು ನಮ್ಮ ಬೀದಿಯ ಟೈಲರ್‌ಗೆ ಕೊಟ್ಟೆ. ಅಳತೆ ಬಹಳ ಚೆನ್ನಾಗಿ ಕೂತಿತು. ಆದರೆ ಶ್ರೀಲಂಕಾದಲ್ಲಿ ಮೊದಲ ದಿನ ತೋಳೆತ್ತಿದ ಕೂಡಲೇ ಕಂಕುಳ ಹೊಲಿಗೆ ಟರ್ರೆಂದು ಬಿಟ್ಟಿತು. ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆಯ ನೂಲು ಹಿಗ್ಗುವುದಿಲ್ಲ. ಅಂಕುಡೊಂಕಿನ ಜಿಗ್‌ಜ್ಯಾಗ್ ಹೊಲಿಗೆ ಅಥವಾ ಓವರ್‌ಲಾಕ್ ಹಾಕಬೇಕಿತ್ತು. ಅದನ್ನು ಮೊದಲೇ ಹೇಳಿ ಹೊಲಿಸುವುದಾದರೆ ದಪ್ಪ ಮೈಯವರಿಗೆ, ಕುಳ್ಳಗಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಂಗಡಿಯ ಅಳತೆಗಳು ನಮ್ಮ ಹೆಂಗಸರ ಮೈಕಟ್ಟಿಗೆ ಹೊಂದುವುದೇ ಇಲ್ಲ.

ಬಟ್ಟೆ ಎಂಜಿನಿಯರ್ | ಭಾನುವಾರ, 3.20

ಆ ಬಟ್ಟೆಯ ಯುಪಿಎಫ್ ಎಷ್ಟೆಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ಒತ್ತು ಹೆಣಿಗೆ, ಗಾಢ ಬಣ್ಣ ನೋಡಿ ಆರಿಸಿ. ಮೊಬೈಲ್ ಟಾರ್ಚಿನ ಮೇಲೆ ಬಟ್ಟೆಯನ್ನು ಮೈಮೇಲೆ ಹಿಗ್ಗುವಷ್ಟು ಎಳೆದು ಹಿಡಿಯಿರಿ. ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿದರೆ ಬಿಟ್ಟುಬಿಡಿ. ಬೆಳಕು ಬಾರದಿದ್ದರೆ 50 ಎಂದು ಅರ್ಥವಲ್ಲ, ಕೆಟ್ಟದ್ದನ್ನು ಕಳೆಯುವ ಉಪಾಯ ಅಷ್ಟೇ.

ಹೆಸರು ಬೇಡ | ಭಾನುವಾರ, 4.45

ಎಲ್ಲರೂ ಬಿಸಿಲು ಬಿಸಿಲು ಎನ್ನುತ್ತಿದ್ದೀರಿ. ನನಗೆ ಮೈ ತೋರಿಸುವುದು ಇಷ್ಟವಿಲ್ಲ, ಅದಕ್ಕೇ ಉದ್ದ ಈಜುಡುಗೆ ಹಾಕುತ್ತೇನೆ. ಬಿಸಿಲಿನ ನೆಪ ಏಕೆ ಬೇಕು? ಅದನ್ನು ನೇರವಾಗಿ ಹೇಳಿದರೆ ಹಿಂದುಳಿದವಳು ಎನ್ನುತ್ತಾರೆ, ಬಿಸಿಲು ಎಂದರೆ ಬುದ್ಧಿವಂತೆ ಎನ್ನುತ್ತಾರೆ. ಇದು ನನಗೆ ನೋವಿನ ವಿಷಯ.

ಸಿಡ್ನಿಯಿಂದ | ಭಾನುವಾರ, 5.30

ನಿಮ್ಮ ನೋವು ಅರ್ಥವಾಗುತ್ತದೆ. ನಾನು ಬಸವನಗುಡಿಯವಳು, ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಮುಖ, ಕೈ, ಪಾದ ಬಿಟ್ಟು ಉಳಿದ ಮೈಯೆಲ್ಲ ಮುಚ್ಚುವ ಬುರ್ಕಿನಿ ಎಂಬ ಈಜುಡುಗೆ ಹುಟ್ಟಿದ್ದೇ ಈ ಊರಿನಲ್ಲಿ. ಲೆಬನಾನ್ ಮೂಲದ ಆಹೆದಾ ಜನೆಟ್ಟಿ 2004ರಲ್ಲಿ ಅದನ್ನು ರೂಪಿಸಿದರು. ಹಿಜಾಬ್ ಹಾಕುವ ಹುಡುಗಿಯರೂ ಆಟಕ್ಕೆ, ನೀರಿಗೆ ಇಳಿಯಲಿ ಎಂಬುದು ಅವರ ಉದ್ದೇಶ. ಮುಂದೆ ಚರ್ಮದ ಕಾಳಜಿಗಾಗಿ ಬೇರೆ ಧರ್ಮದವರೂ ಅದನ್ನು ಕೊಂಡರು. 2016ರಲ್ಲಿ ಫ್ರಾನ್ಸಿನ ಕೆಲವು ಕಡಲೂರುಗಳು ಅದನ್ನು ನಿಷೇಧಿಸಿದವು, ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್‌ನವ್-ಲೂಬೆ ಊರಿನ ನಿಷೇಧವನ್ನು ತಡೆಹಿಡಿಯಿತು. ಒಂದೇ ಬಟ್ಟೆ ಹಾಕಿದ ಇಬ್ಬರಲ್ಲಿ ಒಬ್ಬಳ ಕಾರಣ ಸರಿ, ಇನ್ನೊಬ್ಬಳದು ತಪ್ಪು ಎಂದು ದಡದಲ್ಲಿ ನಿಂತವರು ಹೇಗೆ ತೀರ್ಮಾನಿಸುತ್ತಾರೆ?

ಇಲ್ಲಿ ಮಕ್ಕಳು ಗಂಡಾಗಲಿ ಹೆಣ್ಣಾಗಲಿ ತೋಳಿರುವ ಈಜಂಗಿ ಇಲ್ಲದೆ ಕಡಲಿಗೆ ಹೋಗುವುದು ಅಪರೂಪ. "ರ‍್ಯಾಶಿ" ಎನ್ನುತ್ತಾರೆ. ಟೋಪಿ ಇಲ್ಲದ ಮಗುವಿಗೆ ಶಾಲೆಯ ಬಯಲಿನಲ್ಲಿ ಆಟವಿಲ್ಲ. 1981ರಲ್ಲಿ ಶುರುವಾದ ಬಿಸಿಲಿನ ಜಾಗೃತಿ ಪ್ರಚಾರದಲ್ಲಿ ಮೊದಲ ಮಾತೇ ಅಂಗಿ ತೊಡಿ ಎಂಬುದು. ಸನ್‌ಸ್ಕ್ರೀನ್ ಹಚ್ಚಿ ಎಂಬುದು ಎರಡನೆಯದು, ಟೋಪಿ ಮೂರನೆಯದು.

ಮಲ್ಲೇಶ್ವರ 18 | ಭಾನುವಾರ, 6.10

ನನ್ನ ಆತಂಕ ಬೇರೆ. ನಾಳೆ ಇದೇ ನೆಪದಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ "ಮುಚ್ಚಿಕೋ" ಎನ್ನುತ್ತಾರೆ. ಮೂಲ ಪ್ರಶ್ನೆಯನ್ನೇ ನೋಡಿ. ಅತ್ತೆಗೆ, ಮಗಳಿಗೆ, ತಮಗೆ. ಗಂಡನ ಬಟ್ಟೆಯ ಬಗ್ಗೆ ಒಂದು ಮಾತೂ ಇಲ್ಲ. ಅವರ ಬೆನ್ನು ಸುಡುವುದಿಲ್ಲವೇ?

ಗಿರಿನಗರದವಳು | ಭಾನುವಾರ, 6.25

ಈ ಮಾತು ನನಗೆ ನಾಟಿತು. ನಿಜವಾಗಿಯೂ ಯೋಚಿಸಿರಲಿಲ್ಲ. ಅವರಿಗೆ ಒಂದು ಚಡ್ಡಿ ಸಾಕು ಎಂದು ನಾನೂ ಅವರೂ ಮಾತಿಲ್ಲದೆಯೇ ಒಪ್ಪಿಕೊಂಡುಬಿಟ್ಟಿದ್ದೆವು. ಈಗ ಅವರಿಗೂ ತುಂಬುತೋಳಿನದು ಪಟ್ಟಿಗೆ ಸೇರಿತು.

ಇಬ್ಬರು ಮಕ್ಕಳ ತಾಯಿ | ಭಾನುವಾರ, 6.33

ನಮ್ಮವರ ಬಾಲಿಯ ಬೆನ್ನಿನ ಚಿತ್ರ ತೋರಿಸಿದರೆ ಯಾವ ಗಂಡಸೂ ಬೇಡ ಎನ್ನುವುದಿಲ್ಲ.

ದ್ವೀಪ ಸುತ್ತಿದವ | ಭಾನುವಾರ, 9.00

ಮಾಫುಶಿಗೆ ಎರಡು ಸಲ ಹೋಗಿದ್ದೇನೆ. ಜನವಸತಿಯ ದ್ವೀಪಗಳಲ್ಲಿ ಬಿಕಿನಿಗೆ ಗುರುತು ಮಾಡಿದ ತೀರ ಬೇರೆಯೇ ಇರುತ್ತದೆ. ಉಳಿದ ತೀರಗಳಲ್ಲಿ, ಬೀದಿಗಳಲ್ಲಿ ಮೈ ಮುಚ್ಚಿರಬೇಕು. ಅಲ್ಲಿನ ಹೆಂಗಸರು ಪೂರ್ತಿ ಬಟ್ಟೆಯಲ್ಲಿಯೇ ನೀರಿಗೆ ಇಳಿಯುತ್ತಾರೆ. ನಿಮ್ಮ ಅತ್ತೆಯವರನ್ನು ಯಾರೂ ತಿರುಗಿ ನೋಡುವುದಿಲ್ಲ, ನೆಮ್ಮದಿಯಿಂದ ಹೋಗಿ.

ಅದು ಭೂಮಧ್ಯರೇಖೆಯ ಪಕ್ಕದ ನಾಡು. ಮಧ್ಯಾಹ್ನ ನಿಮ್ಮ ನೆರಳು ಬಹಳ ಗಿಡ್ಡವಾಗಿರುತ್ತದೆ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ದಡದಿಂದ ಎದ್ದುಬಿಡಿ. ಬೆಳಿಗ್ಗೆ ಒಂಬತ್ತೂವರೆಯೊಳಗೆ, ಸಂಜೆ ನಾಲ್ಕರ ಮೇಲೆ ನೀರು. ಮೋಡ ಕವಿದಿದೆ ಎಂದು ಮೋಸ ಹೋಗಬೇಡಿ, ತೆಳು ಮೋಡವನ್ನು ಕಿರಣ ಸಲೀಸಾಗಿ ದಾಟುತ್ತದೆ.

ಸ್ನಾರ್ಕೆಲಿಂಗ್‌ನಲ್ಲಿ ಸುಡುವ ಜಾಗಗಳು ಬೇರೆ: ಮಂಡಿಯ ಹಿಂಭಾಗ, ಹಿಂಗುತ್ತಿಗೆ, ಕಿವಿಯ ಹಿಂದೆ, ಬೈತಲೆ. ನನ್ನ ತಂಗಿ ನಡುಬೈತಲೆ ತೆಗೆದು ಎರಡು ಜಡೆ ಹಾಕಿಕೊಂಡು ಇಳಿದಿದ್ದಳು. ಮೂರು ದಿನ ಬಾಚಣಿಗೆ ತಾಗಿಸಲು ಆಗಲಿಲ್ಲ. ಆಮೇಲೆ ಆ ಗೆರೆಯುದ್ದಕ್ಕೂ ಹೊಟ್ಟಿನ ಹಾಗೆ ಉದುರಿತು. ಟೋಪಿಯುಳ್ಳ ಈಜಂಗಿ ಇಲ್ಲವೇ ತೆಳು ಈಜುಟೋಪಿ ಹಾಕಿಸಿ.

ಮುಂದೆ ಥಾಯ್ಲೆಂಡ್‌ಗೆ ಹೋಗುವವರಿಗೆ: ಅಲ್ಲಿನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ನಿಷೇಧ. ಪೆಸಿಫಿಕ್ ಸಾಗರದ ಪಲಾವ್ ದೇಶ 2020ರಲ್ಲೇ ಇಂಥದೇ ಕಾನೂನು ಜಾರಿಗೆ ತಂದಿತ್ತು. ಹವಳಕ್ಕೆ ಹಾನಿ ಎಂಬ ಕಾರಣ. ಬಟ್ಟೆ ಮುಚ್ಚಿದಷ್ಟೂ ಹಚ್ಚುವುದು ಕಡಿಮೆ, ಆ ಲೆಕ್ಕದಲ್ಲೂ ಉದ್ದ ಈಜುಡುಗೆ ಒಳ್ಳೆಯದು.

ಚಿಕ್ಕಪೇಟೆ ಓಡಾಟ | ಭಾನುವಾರ, 9.12

ಅಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ? ನಾವೂ ಹೋಗುವ ಯೋಚನೆಯಲ್ಲಿದ್ದೇವೆ.

ದ್ವೀಪ ಸುತ್ತಿದವ | ಭಾನುವಾರ, 9.20

ಬೆಳಗಿನ ತಿಂಡಿಯಲ್ಲೂ ಟ್ಯೂನಾ ಮೀನು, ತೆಂಗಿನತುರಿ. ಮೊದಲೇ ಹೇಳಿದರೆ ಅನ್ನ, ಪಲ್ಯ ಮಾಡಿಕೊಡುತ್ತಾರೆ. ಚಟ್ನಿಪುಡಿ, ಗೊಜ್ಜವಲಕ್ಕಿ ಒಯ್ಯಿರಿ.

ಬೆಳಗಿನ ಈಜು | ಸೋಮವಾರ, 6.55

ಊಟದಿಂದ ಬಟ್ಟೆಗೆ ಬರೋಣ. ತಂದ ಮೇಲೆ ಒಮ್ಮೆ ಇಲ್ಲಿನ ಕೊಳದಲ್ಲಿ ಹಾಕಿ ಇಳಿಸಿ ನೋಡಿ, ವಿಶೇಷವಾಗಿ ಅತ್ತೆಯವರನ್ನು. ಒಣಗಿದ್ದಾಗ ಸರಿ ಎನಿಸಿದ್ದು ನೆನೆದಾಗ ಜಾರಬಹುದು. ಮುಂದೆ ಜಿಪ್ ಇದ್ದರೆ ತಮ್ಮಷ್ಟಕ್ಕೆ ತಾವೇ ಹಾಕಿಕೊಳ್ಳಬಹುದು, ಬೆನ್ನಿನ ಜಿಪ್ಪಿಗೆ ಇನ್ನೊಬ್ಬರ ಕೈ ಬೇಕು. ಜಿಪ್ಪಿನ ಮೇಲ್ತುದಿಗೆ ಗಲ್ಲಕ್ಕೆ ಚುಚ್ಚದ ಹಾಗೆ ಬಟ್ಟೆಯ ಮಡಿಕೆ ಇದೆಯೇ ನೋಡಿ. ಮುಟ್ಟಿನ ದಿನ ಬಂದರೆ ಗಾಢ ಬಣ್ಣ ಮತ್ತು ಮುಟ್ಟಿನ ಬಟ್ಟಲು, ಯೋಚನೆಯೇ ಬೇಡ.

ದಿನವೂ ಸಂಜೆ ಸಿಹಿನೀರಿನಲ್ಲಿ ಜಾಲಾಡಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಒಬ್ಬೊಬ್ಬರಿಗೆ ಎರಡೆರಡು ಜೊತೆ ಇದ್ದರೆ ಒದ್ದೆ ಬಟ್ಟೆ ಏರಿಸುವ ಹಿಂಸೆ ತಪ್ಪುತ್ತದೆ.

ಲೆಕ್ಕ ಕೇಳುವವ | ಸೋಮವಾರ, 9.40

ಎರಡೆರಡು ಜೊತೆ ಎಂದರೆ ಮತ್ತೆ ಖರ್ಚು. ಕೆಳಗಿನದು ಎರಡು, ಮೇಲಿನದು ಒಂದು ಸಾಕು. ಮೇಲಿನದು ಬೇಗ ಒಣಗುತ್ತದೆ.

ಬೆಳಗಿನ ಈಜು | ಸೋಮವಾರ, 9.52

ಇದು ಒಪ್ಪುವ ಮಾತು.

ಗಿರಿನಗರದವಳು | ಜನವರಿ, ಶನಿವಾರ, ರಾತ್ರಿ 8.15

ಹೋಗಿ ಬಂದೆವು. ಇಷ್ಟೆಲ್ಲ ಹೇಳಿಕೊಟ್ಟವರಿಗೆ ತಿಳಿಸದಿದ್ದರೆ ಹೇಗೆ?

ಮಗಳಿಗೆ ಕಿತ್ತಳೆ ಬಣ್ಣದ್ದು, ಟೋಪಿಯ ಮೇಲೆ ಡಾಲ್ಫಿನ್. ದಡದಿಂದ ಎಷ್ಟು ದೂರದಿಂದಲೂ ಕಾಣುತ್ತಿದ್ದಳು. ಒಂದು ಕೆಂಪು ಗುರುತೂ ಇಲ್ಲದೆ ಬಂದಿದ್ದಾಳೆ. ನನ್ನ ಬಂಗು ಎಡಗೆನ್ನೆಯಲ್ಲಿ ತುಸು ಗಾಢವಾಗಿದೆ. ಎರಡು ಗಂಟೆಗೊಮ್ಮೆ ಹಚ್ಚುವುದನ್ನು ನಾನು ಎರಡನೆಯ ದಿನವೇ ತಪ್ಪಿಸಿದೆ, ಅದು ನನ್ನ ಅಸಡ್ಡೆ. ಗಂಡ ತುಂಬುತೋಳಿನದನ್ನು ಕೊನೆಯ ದಿನದವರೆಗೂ ಬಿಚ್ಚಲಿಲ್ಲ.

ಅತ್ತೆಗೆ ಕಡುನೇರಳೆ ಬಣ್ಣದ ಎರಡು ತುಂಡಿನದು, ಮುಂದೆ ಜಿಪ್, ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಇಲ್ಲ. ಇಲ್ಲಿ ಜಯನಗರದ ಕಡೆಯ ಒಂದು ಕೊಳದಲ್ಲಿ ಮೂರು ಭಾನುವಾರ ಇಳಿಸಿ ಅಭ್ಯಾಸ ಮಾಡಿಸಿದೆವು. ಮೊದಲ ಭಾನುವಾರ ಅಂಚಿನ ಕಂಬಿಯನ್ನು ಬಿಡಲೇ ಇಲ್ಲ. ಮಾಫುಶಿಯಲ್ಲಿ ಮೊದಲ ದಿನ ಸೊಂಟದವರೆಗೆ ಹೋಗಿ ನಿಂತರು. ಎರಡನೆಯ ದಿನ ಜೀವರಕ್ಷಕ ಅಂಗಿ ತೊಡಿಸಿ, ಮುಖಕ್ಕೆ ಗಾಜು ಕಟ್ಟಿ, ನಾನು ಕೈ ಹಿಡಿದುಕೊಂಡು ಕೆಳಗೆ ನೋಡಿ ಎಂದೆ. ಅವರು ಮುಖ ಮುಳುಗಿಸಿದವರು ಏಳಲೇ ಇಲ್ಲ. ಗಾಬರಿಯಾಗಿ ಎಬ್ಬಿಸಿದರೆ, "ಯಾಕೆ ಎಬ್ಬಿಸಿದೆ? ಹಳದಿ ಪಟ್ಟೆ ಮೀನು ನನ್ನ ಕೈಯ ಹತ್ತಿರ ಬಂದಿತ್ತು" ಎಂದು ಗದರಿದರು. ತೋಳಿನ ಮಚ್ಚೆಗೆ, ಕಣಕಾಲಿನ ಮಚ್ಚೆಗೆ ಏನೂ ಆಗಿಲ್ಲ. ಉಡುಪಿನ ಗೆರೆಯೂ ಮೂಡಿಲ್ಲ.

ಪಾದ ಮಾತ್ರ ಮರೆತೆವು. ನಾಲ್ವರದ್ದೂ ಪಾದದ ಮೇಲ್ಭಾಗ ಸುಟ್ಟಿತು, ಚಪ್ಪಲಿಯ ಪಟ್ಟಿಯ ಆಕಾರ ಬಿಟ್ಟು. ಅತ್ತೆ ಎರಡು ದಿನ ಸಾಕ್ಸ್ ಹಾಕಲಾಗದೆ ಒದ್ದಾಡಿದರು. ಅವರ ಪಾದದಲ್ಲಿ ಈಗ ಹೊಸ ಮಚ್ಚೆ ಏನಾದರೂ ಏಳುತ್ತದೆಯೇ ಎಂದು ನಾನು ದಿನವೂ ನೋಡುತ್ತಿದ್ದೇನೆ.

ಚರ್ಮವೈದ್ಯೆ | ಶನಿವಾರ, 8.50

ಎರಡು ಮೂರು ತಿಂಗಳು ಗಮನಿಸಿ, ಅಂಚು ಬಿಳಿಚಿದರೆ ತಡ ಮಾಡದೆ ಅವರ ವೈದ್ಯರಿಗೆ ತೋರಿಸಿ. ಉಜ್ಜುವ ಪಟ್ಟಿಯ ಚಪ್ಪಲಿ ಬೇಡ. ಮುಂದಿನ ಸಲ ನೀರಿನಲ್ಲಿ ತೊಡುವ ಬೂಟು ಇರಲಿ, ಹವಳದ ಚೂರೂ ಚುಚ್ಚುವುದಿಲ್ಲ.

ಕಡಲೂರಿನವ | ಶನಿವಾರ, 9.05

ಬೇಸಿಗೆ ಮುಗಿಯುವ ಮುಂಚೆ ಅವರನ್ನು ನಮ್ಮ ಕಡೆಗೂ ಕರೆತನ್ನಿ. ಹೊನ್ನಾವರದ ಹತ್ತಿರದ ಕಾಸರಕೋಡಿನ ತೀರ ಶಾಂತವಾಗಿರುತ್ತದೆ. ಜೂನ್ ಬಂದರೆ ಯಾರೂ ಕಡಲಿಗೆ ಇಳಿಯಬಾರದು.

ಗಿರಿನಗರದವಳು | ಶನಿವಾರ, 9.11

ಅವರು ಆಗಲೇ ಕೇಳಿದ್ದಾರೆ. ನೀರಿನ ಬೂಟು ಅಳತೆ 5ರಲ್ಲಿ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?